ಐದು ಆಟ, ಐದು ಸೋಲು: ಭಾವನ ಕೇಯಾಸ್ ಸೇನೆ ಎದುರು ನನ್ನ ಗಾಬ್ಲಿನ್‌ಗಳು ಏನು ಮಾಡಬೇಕು?

ಹಸಿರುಮೂಗು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಭಾವ ಹಳೇ ವಾರ್‌ಹ್ಯಾಮರ್ ಹುಚ್ಚಿನವರು; ಗೊಂಬೆ ಸೇನೆ ಇಟ್ಟು, ದಾಳ ಎಸೆದು ಮೇಜಿನ ಮೇಲೆ ಆಡುವ ಯುದ್ಧದ ಆಟ ಅದು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ತಂದ 2010ರ ಎಂಟನೇ ಆವೃತ್ತಿಯ ದಪ್ಪ ನಿಯಮ ಪುಸ್ತಕ ಅವರ ಹತ್ತಿರ ಇದೆ. ಹಾಗಾಗಿ ನಾವು ಆಡುವುದು ಅದನ್ನೇ. ಅವರದು ಕೇಯಾಸ್ ವಾರಿಯರ್ಸ್, ಕವಚ ತೊಟ್ಟ ಬಲಿಷ್ಠ ಯೋಧರು. ನನಗೆ ಸಿಕ್ಕಿದ್ದು ನೈಟ್ ಗಾಬ್ಲಿನ್, ಬಡಪಾಯಿ ಹಸಿರು ಕುಳ್ಳರು. ಎರಡೂ ಕಡೆ 2000 ಪಾಯಿಂಟ್ (ಬಲಕ್ಕೆ ತಕ್ಕ ಹಾಗೆ ಪ್ರತಿ ಗೊಂಬೆಗೂ ಪಾಯಿಂಟ್ ಬೆಲೆ ಇರುತ್ತದೆ). ಊಟದ ಮೇಜಿನ ಮೇಲೆ ಪ್ಲೈವುಡ್ ಹಲಗೆ ಹಾಕಿದರೆ 6 ಅಡಿ ಉದ್ದ, 4 ಅಡಿ ಅಗಲದ ಯುದ್ಧಭೂಮಿ ರೆಡಿ.

ಐದು ಆಟ ಆಡಿದೆವು. ಐದೂ ಸೋತೆ. ಸುಮ್ನೆ ಸೋಲಲ್ಲ, ನಾಲ್ಕನೇ ಟರ್ನ್‌ಗೆ ನನ್ನ ಕಡೆ ಮೇಜು ಖಾಲಿ. ಅಕ್ಕ ಕಾಫಿ ತರುವಷ್ಟರಲ್ಲಿ ನಾನು ಗೊಂಬೆ ಎತ್ತಿ ಡಬ್ಬಿಗೆ ತುಂಬುತ್ತಿರುತ್ತೇನೆ.

ನನ್ನ ಸೇನೆ: ಓರ್ಕ್ ವಾರ್‌ಬಾಸ್ (ಸೇನಾಪತಿ) ಒಬ್ಬ, 50ರ ನೈಟ್ ಗಾಬ್ಲಿನ್ ಯೂನಿಟ್ ಎರಡು (ಒಂದೊಂದರಲ್ಲೂ ಸರಪಳಿ ಗುಂಡು ತಿರುಗಿಸುವ 3 ಫೆನಾಟಿಕ್ ಅಡಗಿರುತ್ತಾರೆ), ತೋಳ ಸವಾರರು 5 ಜನರ ಎರಡು ಗುಂಪು, ಟ್ರೋಲ್ 3, ಭರ್ಜಿ ಎಸೆಯುವ ಯಂತ್ರ ಸ್ಪಿಯರ್ ಚುಕ್ಕ ಎರಡು, ಡೂಮ್ ಡೈವರ್ ಕವಣೆ ಒಂದು, ಮಂತ್ರ ಹಾಕುವ ಶಾಮನ್ ಒಬ್ಬ. ಭಾವನದು: 18 ವಾರಿಯರ್‌ಗಳ ಎರಡು ಯೂನಿಟ್, ಖೋರ್ನ್ ಅನ್ನುವ ಯುದ್ಧದೇವರ ಗುರುತಿನ ನೈಟ್ಸ್ (ಕುದುರೆ ಸವಾರರು) 5, ಅವರ ಜೊತೆ ಸೇನಾಪತಿ ಲಾರ್ಡ್, ರಥ ಒಂದು, ನಾಯಿಗಳ ಎರಡು ಗುಂಪು, ಮತ್ತೆ ಒಬ್ಬ ಮಂತ್ರವಾದಿ.

ಗಾಬ್ಲಿನ್‌ಗಳನ್ನು 10 ಅಗಲ ನಿಲ್ಲಿಸಿ ಮುಂದಕ್ಕೆ ಓಡಿಸುತ್ತೇನೆ. ಹೋಗಿ ಬಡಿಯುತ್ತವೆ. ಒಬ್ಬ ವಾರಿಯರ್ ಸತ್ತರೆ ಹಬ್ಬ. ಆಮೇಲೆ ಎಲ್ಲ ಓಡಿಹೋಗುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಅರ್ಧಬಣ್ಣ

ಮೊದಲ ತಪ್ಪು, ಭಾವನ ಜೊತೆ ಆಡಿದ್ದು.

ಲೆಕ್ಕದಮೇಷ್ಟ್ರು

ಹಸಿರುಮೂಗು ಅವರೇ, ದಾಳ ಎಸೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ನಿಮ್ಮ ಗಾಬ್ಲಿನ್ ವೆಪನ್ ಸ್ಕಿಲ್ (ಕಾದಾಟದ ಕೈಚಳಕ) 2, ಕೇಯಾಸ್ ವಾರಿಯರ್‌ದು 5. ದುಪ್ಪಟ್ಟಿಗಿಂತ ಜಾಸ್ತಿ, ಹಾಗಾಗಿ ಏಟು ತಾಗಲು 5 ಅಥವಾ 6 ಬೀಳಬೇಕು. ಮೂರರಲ್ಲಿ ಒಂದು ಅವಕಾಶ. ನಿಮ್ಮ ಶಕ್ತಿ 3, ಅವನ ತಾಳಿಕೆ 4. ಗಾಯಕ್ಕೂ 5 ಬೇಕು, ಮತ್ತೆ ಮೂರರಲ್ಲಿ ಒಂದು. ಕವಚ, ಗುರಾಣಿ ಸೇರಿ ಅವನು 3 ಅಥವಾ ಮೇಲೆ ಎಸೆದರೆ ಬಚಾವ್. ಅಂದರೆ ಅಲ್ಲೂ ಮೂರರಲ್ಲಿ ಒಂದೇ ನಿಮಗೆ. ಮೂರೂ ಗುಣಿಸಿ: 27 ಏಟಿಗೆ ಒಬ್ಬ ಸಾಯುತ್ತಾನೆ. ಗುರಾಣಿಯಿಂದ ಏಟು ತಡೆಯುವ ಪ್ಯಾರಿ ಸೇರಿಸಿದರೆ ಇನ್ನೂ ಜಾಸ್ತಿ ಏಟು ಬೇಕು.

ಈಗ ಅವರ ಕಡೆ. 6 ಅಗಲ ನಿಂತ ವಾರಿಯರ್‌ಗಳು, ಮುಂದಿನ ಸಾಲಿಗೆ 2 ಏಟು, ಹಿಂದಿನ ಸಾಲಿಗೆ ಒಂದೊಂದು, ಒಟ್ಟು 18. ತಾಗಲು 3, ಗಾಯಕ್ಕೂ 3. ಸರಾಸರಿ 8 ಗಾಬ್ಲಿನ್ ಔಟ್, ಪ್ರತಿ ಸುತ್ತಿಗೆ.

8ಕ್ಕೆ ಒಂದು. ಈ ಲೆಕ್ಕದಲ್ಲಿ ಕೊಂದು ಗೆಲ್ಲಲು ಆಗಲ್ಲ. ಇದನ್ನು ಒಪ್ಪಿಕೊಂಡ ಮೇಲೆ ಮುಂದಿನ ಮಾತು.

ಹಸಿರುಮೂಗು

ಮೇಷ್ಟ್ರೇ, ನೀವು ಸಮಾಧಾನ ಹೇಳ್ತೀರಿ ಅಂದುಕೊಂಡಿದ್ದೆ.

ದಾಳಪ್ಪ

ಗುರು, ಸುಮ್ನೆ ಪಾಯಿಂಟ್ ಜಾಸ್ತಿ ಕೇಳು. ನೀನು 2400, ಅವರು 2000. ಮನೆಯಲ್ಲಿ ಆಡುವ ಆಟಕ್ಕೆ ನಾಚಿಕೆ ಯಾಕೆ? ನಾವು ಚಿಕ್ಕವರಿದ್ದಾಗ ಕ್ರಿಕೆಟ್‌ನಲ್ಲಿ ಸಣ್ಣ ಹುಡುಗರಿಗೆ ಎರಡು ಸಲ ಔಟ್ ಆಗೋಕೆ ಬಿಡ್ತಿರಲಿಲ್ವಾ?

ಹಸಿರುಮೂಗು

ನಾಲ್ಕನೇ ಆಟದಲ್ಲಿ 300 ಜಾಸ್ತಿ ಕೊಟ್ಟರು. ಇನ್ನೊಂದು ನೂರು ಗಾಬ್ಲಿನ್ ಬಂತು. ಅವನ್ನು ಎತ್ತಿಡಲು ಅರ್ಧ ಗಂಟೆ ಜಾಸ್ತಿ ಹಿಡಿಯಿತು. ಅಷ್ಟೇ ವ್ಯತ್ಯಾಸ.

ಒಂದು ವಿಷಯ ಹೇಳಿಬಿಡ್ತೀನಿ. ನನ್ನ ಗಾಬ್ಲಿನ್‌ಗಳಲ್ಲಿ ಅರ್ಧ ಮಾತ್ರ ಪ್ಲಾಸ್ಟಿಕ್. ಇಲ್ಲಿಗೆ ತರಿಸಿದರೆ ಡಬ್ಬಿ ಬೆಲೆ, ಅದರ ಮೇಲೆ ಕಸ್ಟಮ್ಸ್, ಸಾಕಪ್ಪಾ ಸಾಕು. ಉಳಿದವು ಹಳೇ ಮದುವೆ ಕರೆಯೋಲೆ ರಟ್ಟು. 20 ಮಿ.ಮೀ. ಚೌಕ ಕತ್ತರಿಸಿ, ಮೇಲೆ ಹಸಿರು ಮುಖ ಬರೆದು ಅಂಟಿಸಿದ್ದೇನೆ. ಹಿಂದೆ ತಿರುಗಿಸಿದರೆ ‘ಆಶೀರ್ವಾದವೇ ಉಡುಗೊರೆ’ ಅಂತ ಕಾಣುತ್ತದೆ. ಫ್ಯಾನ್ ಹಾಕಿದರೆ ಯುದ್ಧಕ್ಕೆ ಮುಂಚೆಯೇ ಹಾರಿಹೋಗುತ್ತವೆ.

ಅರ್ಧಬಣ್ಣ

ಪ್ಯಾನಿಕ್ ಟೆಸ್ಟ್ ಫೇಲ್.

ಲೆಕ್ಕದಮೇಷ್ಟ್ರು

ಸರಿ, ಈಗ ಮುಂದಿನ ಮಾತು. ಎಂಟನೇ ಆವೃತ್ತಿಯಲ್ಲಿ ಬಡವರಿಗೆ ಅಂತಲೇ ಒಂದು ನಿಯಮ ಇದೆ, ಸ್ಟೆಡ್‌ಫಾಸ್ಟ್. ಕಾಳಗದಲ್ಲಿ ಸೋತರೂ ನಿಮ್ಮ ಸಾಲುಗಳು ಎದುರಾಳಿಯ ಸಾಲುಗಳಿಗಿಂತ ಜಾಸ್ತಿ ಇದ್ದರೆ, ಎಷ್ಟು ಅಂತರದಲ್ಲಿ ಸೋತಿರಿ ಅನ್ನುವುದನ್ನು ಕಳೆಯುವ ಹಾಗಿಲ್ಲ. ಪೂರ್ತಿ ಲೀಡರ್‌ಶಿಪ್ (ಧೈರ್ಯದ ಅಂಕ) ಮೇಲೆ ಟೆಸ್ಟ್: ಎರಡು ದಾಳದ ಮೊತ್ತ ಆ ಅಂಕದೊಳಗೆ ಬಂದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಓಟ.

ನೀವು 50 ಜನರನ್ನು 10 ಅಗಲ ನಿಲ್ಲಿಸುತ್ತೀರಿ. 5 ಸಾಲು. ಭಾವನ 18 ಜನ 6 ಅಗಲಕ್ಕೆ 3 ಸಾಲು. ಮೊದಲ ಸುತ್ತಿಗೆ 8 ಹೋದರು, ಉಳಿದದ್ದು 42, ಲೆಕ್ಕಕ್ಕೆ 4 ಸಾಲು. ಎರಡನೇ ಸುತ್ತಿಗೆ 34, ಲೆಕ್ಕಕ್ಕೆ 3 ಸಾಲು. ಅಲ್ಲಿಗೆ ಸರಿಸಮ ಆಯ್ತು, ಸ್ಟೆಡ್‌ಫಾಸ್ಟ್ ಹೋಯ್ತು. ಆ ಸುತ್ತಲ್ಲಿ ನೀವು ಸುಮಾರು 8ರಿಂದ ಸೋತಿರುತ್ತೀರಿ. ವಾರ್‌ಬಾಸ್‌ನ 9ರಲ್ಲಿ 8 ಕಳೆದರೆ 1. ಎರಡು ದಾಳದಲ್ಲಿ 1 ಎಲ್ಲಿಂದ ಬರುತ್ತೆ? ಜೋಡಿ ಒಂದು, ಅಂದರೆ ಎರಡರಲ್ಲೂ 1, ಬಿದ್ದರೆ ಉಂಟು, ಇಲ್ಲದಿದ್ದರೆ ಓಟ.

ಅದೇ 50 ಜನ 5 ಅಗಲ ನಿಂತರೆ 10 ಸಾಲು. 42ಕ್ಕೆ 8 ಸಾಲು, 34ಕ್ಕೆ 6, 26ಕ್ಕೆ 5. ನಾಲ್ಕನೇ ಸುತ್ತಿಗೆ 18 ಉಳಿದಾಗ 3 ಸಾಲು. ಅಂದರೆ ಮೂರು ಸುತ್ತು ಪೂರ್ತಿ ನಿಲ್ಲುತ್ತಾರೆ. ಆ ಮೂರು ಸುತ್ತಲ್ಲಿ ಭಾವನ ಸುಮಾರು 300 ಪಾಯಿಂಟಿನ ಯೂನಿಟ್ ಒಂದೇ ಜಾಗದಲ್ಲಿ ಗಾಬ್ಲಿನ್ ಕೊಚ್ಚುತ್ತಾ ನಿಂತಿರುತ್ತದೆ. ಬೇರೆಲ್ಲೂ ಹೋಗಲ್ಲ.

ಅಂದ ಹಾಗೆ, ನಿಮ್ಮ ಪಟ್ಟಿಯಲ್ಲಿ ಬಾವುಟದವನೇ ಕಾಣಲಿಲ್ಲ?

ಹಸಿರುಮೂಗು

ಯೂನಿಟ್‌ಗಳಲ್ಲಿ ಬಾವುಟ ಇದೆ. ಸೇನೆಯ ಬಾವುಟದವನನ್ನು ಹಾಕಿಲ್ಲ. ಪಾಯಿಂಟ್ ಉಳಿಸೋಣ ಅಂತ.

ಲೆಕ್ಕದಮೇಷ್ಟ್ರು

ಅಯ್ಯೋ. ಉಪ್ಪು ಉಳಿಸೋಕೆ ಹೋಗಿ ಅಡುಗೆ ಕೆಡಿಸಿದ ಹಾಗಾಯ್ತು.

ನೈಟ್ ಗಾಬ್ಲಿನ್‌ನ ಸ್ವಂತ ಲೀಡರ್‌ಶಿಪ್ 5. ಎರಡು ದಾಳದಲ್ಲಿ 5 ಅಥವಾ ಕಡಿಮೆ ಬೀಳುವುದು 36ರಲ್ಲಿ 10 ಸಲ, ಶೇ. 28. ವಾರ್‌ಬಾಸ್ 12 ಇಂಚಿನೊಳಗಿದ್ದರೆ ಅವನ 9 ಸಿಗುತ್ತದೆ. 36ರಲ್ಲಿ 30, ಶೇ. 83. ಬಾವುಟದವನೂ 12 ಇಂಚಿನೊಳಗಿದ್ದರೆ ಫೇಲಾದ ಟೆಸ್ಟ್ ಇನ್ನೊಮ್ಮೆ ಎಸೆಯಬಹುದು. ಆಗ ಶೇ. 97. ಗಾಬ್ಲಿನ್ ಬಿಗ್ ಬಾಸ್‌ ಒಬ್ಬನನ್ನು ತಗೊಂಡು ಅವನ ಕೈಗೆ ಬಾವುಟ ಕೊಡಲು 25 ಪಾಯಿಂಟ್. ಅವನನ್ನು ಮುಂದಿನ ಯೂನಿಟ್‌ನಲ್ಲಿ ಇಡಬೇಡಿ, ಪಕ್ಕದ್ದರಲ್ಲಿ ಇಡಿ.

ವಾರ್‌ಬಾಸ್ ಎಲ್ಲಿ ನಿಲ್ಲುತ್ತಾನೆ ನಿಮ್ಮಲ್ಲಿ?

ಹಸಿರುಮೂಗು

ಟ್ರೋಲ್‌ಗಳ ಜೊತೆ. ಎಡಗಡೆ ತುದಿಯಲ್ಲಿ. ಅವು ಪೆದ್ದುತನದ ಟೆಸ್ಟ್ ಫೇಲಾಗಿ ಬಾಯಿ ಬಿಟ್ಟುಕೊಂಡು ನಿಲ್ಲಬಾರದು ಅಂತ.

ದಾಳಪ್ಪ

ಅಂದ್ರೆ ರಾಜನನ್ನು ಮೂರು ದಡ್ಡರ ಟ್ಯೂಷನ್‌ಗೆ ಕಳಿಸಿದ್ದೀಯ. ಇಡೀ ಊರು ಅನಾಥ.

ತುಂಗೆಯ ದಡ

ನನಗೆ ವಾರ್‌ಹ್ಯಾಮರ್ ಅಷ್ಟು ಗೊತ್ತಿಲ್ಲ, ಮಗ ಆಡುತ್ತಾನೆ. ಇದನ್ನು ಓದುತ್ತಾ ನಮ್ಮಜ್ಜಿ ಜೊತೆ ಆಡುತ್ತಿದ್ದ ಆಡು-ಹುಲಿ ಆಟ ನೆನಪಾಯ್ತು. 3 ಹುಲಿ, 15 ಆಡು. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಲಿಗೆ ಹುಣಸೆ ಬೀಜ, ಆಡಿಗೆ ಕಡಲೆ. (ಆಡು ಸತ್ತರೆ ಅಜ್ಜಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.)

ಆ ಆಟದಲ್ಲಿ ಆಡು ಹುಲಿಯನ್ನು ಯಾವತ್ತೂ ತಿನ್ನಲ್ಲ. ನಿಯಮವೇ ಇಲ್ಲ. ಹುಲಿ ಆಡಿನ ಮೇಲಿಂದ ಹಾರಿ ತಿನ್ನಬೇಕಾದರೆ ಆಡಿನ ಹಿಂದೆ ಖಾಲಿ ಮನೆ ಇರಬೇಕು. ಆಡಿನವರ ಕೆಲಸ ಇಷ್ಟೇ, ಹಿಂದೆ ಖಾಲಿ ಬಿಡಬಾರದು. ಸುತ್ತ ಕೂತು ಹುಲಿ ಅಲ್ಲಾಡದ ಹಾಗೆ ಮಾಡಿದರೆ ಗೆದ್ದ ಹಾಗೆ. ನಾನು ಮೊದಮೊದಲು ಆಡುಗಳನ್ನು ಹುಲಿ ಹತ್ತಿರ ಓಡಿಸಿ ಸೋಲುತ್ತಿದ್ದೆ. ಅಜ್ಜಿ ಮೊದಲು ಮೂಲೆ ತುಂಬುತ್ತಿದ್ದರು.

ಅರ್ಧಬಣ್ಣ

ಚೆನ್ನಾಗಿದೆ, ಆದರೆ ಅಲ್ಲಿ ದಾಳ ಇಲ್ಲ ಸರ್. ನಮ್ಮ ಆಡುಗಳು ಆರಕ್ಕೊಂದು ಸಲ ತಮ್ಮತಮ್ಮಲ್ಲೇ ಜಗಳ ಆಡುತ್ತವೆ. ಅನಿಮಾಸಿಟಿ ಅಂತ ನಿಯಮ. ಪ್ರತಿ ಟರ್ನ್ ಪ್ರತಿ ಯೂನಿಟ್‌ಗೆ ಒಂದು ದಾಳ. 1 ಬಿದ್ದರೆ ನೀವು ಹೇಳಿದ ಹಾಗೆ ಕೇಳಲ್ಲ. ಆರು ಯೂನಿಟ್ ಇದ್ದರೆ ಮೂರು ಟರ್ನ್‌ನಲ್ಲಿ ಎರಡು ಟರ್ನ್ ಯಾವುದೋ ಒಂದು ಕೈ ಕೊಡುತ್ತದೆ. ಒಂದೇ ಯೂನಿಟ್ ನಂಬಿಕೊಂಡು ಯೋಜನೆ ಮಾಡಬೇಡಿ.

ಟ್ರೆಂಟ್ ನದಿ ಪಕ್ಕ

ನಾಟಿಂಗ್‌ಹ್ಯಾಮ್‌ನಿಂದ ನಮಸ್ಕಾರ. ಈ ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇರುವ ಊರು. ಕಚೇರಿ ಪಕ್ಕದಲ್ಲೇ ವಾರ್‌ಹ್ಯಾಮರ್ ವರ್ಲ್ಡ್ ಅಂತ ಪ್ರದರ್ಶನ, ಆಟದ ಮೇಜುಗಳು ಎಲ್ಲ ಇವೆ. ದಾವಣಗೆರೆಯಿಂದ ಬಂದವನಿಗೆ ಮೊದಲ ಸಲ ಅಲ್ಲಿ ಹೋದಾಗ ಜಾತ್ರೆಗೆ ಬಂದ ಹಾಗಾಗಿತ್ತು.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಲಹೆ ಹುಡುಕುವಾಗ ಯಾವ ಆವೃತ್ತಿ ಅಂತ ನೋಡಿ. 1983ರಲ್ಲಿ ಶುರುವಾದ ಆಟ, ಒಂದೊಂದು ಆವೃತ್ತಿಗೂ ನಿಯಮ ಬೇರೆ. 2015ರಲ್ಲಿ ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ತಂದು ಚೌಕ ಬೇಸ್, ಸಾಲು ಕಟ್ಟುವುದು ಎಲ್ಲ ಬಿಟ್ಟರು. 2024ರ ಜನವರಿಯಲ್ಲಿ ಓಲ್ಡ್ ವರ್ಲ್ಡ್ ಹೆಸರಲ್ಲಿ ಸಾಲು ಕಟ್ಟುವ ಆಟ ವಾಪಸ್ ಬಂತು. ಅದರಲ್ಲಿ ಸ್ಟೆಡ್‌ಫಾಸ್ಟ್ ಇಲ್ಲ. ಬದಲಿಗೆ ಸೋತವರಿಗೆ ಮೂರು ದಾರಿ: ದಾಳದಲ್ಲಿ ಬಿದ್ದ ಸಂಖ್ಯೆಯೇ ಲೀಡರ್‌ಶಿಪ್‌ಗಿಂತ ಜಾಸ್ತಿ ಇದ್ದರೆ ಓಟ. ಸೋಲಿನ ಅಂತರ ಸೇರಿಸಿದಾಗ ಮಾತ್ರ ಜಾಸ್ತಿ ಆದರೆ ಶಿಸ್ತಿನಲ್ಲಿ ಹಿಂದೆ ಸರಿಯುವುದು. ಸೇರಿಸಿದರೂ ಒಳಗೇ ಇದ್ದರೆ ಸ್ವಲ್ಪ ಹಿಂದೆ ಹೆಜ್ಜೆ ಇಡುವುದು, ಅಷ್ಟೇ. ಆದ್ದರಿಂದ ಅಲ್ಲಿ ಆಳವಾದ ಸಾಲಿನ ಲಾಭ ಬೇರೆ ಥರ. ನಿಮ್ಮ ಎಂಟನೇ ಆವೃತ್ತಿಗೆ ಮೇಷ್ಟ್ರು ಹೇಳಿದ್ದೇ ಸರಿ.

ನಾನು ಸೇರಿಸುವುದು ಎರಡು. ಮೊದಲನೆಯದು ಅಂಕ. ಎಂಟನೇ ಆವೃತ್ತಿಯಲ್ಲಿ ಅರ್ಧ ಸತ್ತ ಯೂನಿಟ್‌ಗೆ ಅರ್ಧ ಪಾಯಿಂಟ್ ಅಂತ ಇಲ್ಲ. ಪೂರ್ತಿ ಸಾಯಬೇಕು, ಇಲ್ಲವೇ ಆಟ ಮುಗಿದಾಗ ಓಡುತ್ತಿರಬೇಕು. 50ರಲ್ಲಿ 49 ಸತ್ತು ಒಬ್ಬ ನಿಂತಿದ್ದರೂ ಭಾವನಿಗೆ ಆ ಯೂನಿಟ್‌ನಿಂದ ಸೊನ್ನೆ. ಆಟ 6 ಟರ್ನ್. ಹಾಗಾದರೆ ನೀವು ಕೇಳಬೇಕಾದ ಪ್ರಶ್ನೆ ‘ಹೇಗೆ ಕೊಲ್ಲಲಿ’ ಅಲ್ಲ, ‘ಸಾಯೋದಕ್ಕೆ ಎಷ್ಟು ಹೊತ್ತು ತಗೊಳ್ಳಲಿ’ ಅಂತ.

ಎರಡನೆಯದು ಖೋರ್ನ್ ನೈಟ್ಸ್. ಅವರಿಗೆ ಫ್ರೆಂಜಿ ಇದೆ, ಆವೇಶ ಬಂದವರು. ಚಾರ್ಜ್ (ನುಗ್ಗಿ ದಾಳಿ) ಮಾಡುವಷ್ಟು ದೂರದಲ್ಲಿ ಶತ್ರು ಕಂಡರೆ ಲೀಡರ್‌ಶಿಪ್ ಟೆಸ್ಟ್ ಪಾಸಾಗದೆ ಸುಮ್ಮನಿರುವ ಹಾಗಿಲ್ಲ. ಎದುರಿನವರನ್ನು ಮುಗಿಸಿದರೆ ಮುಂದಕ್ಕೆ ನುಗ್ಗಲೇಬೇಕು. ಚಾರ್ಜ್ ಮಾಡಿದ ಯೂನಿಟ್ ನಿಮ್ಮ ಯೂನಿಟ್‌ನ ಮುಖಕ್ಕೆ ಸರಿಯಾಗಿ ತಿರುಗಿ ಅಂಟಿಕೊಳ್ಳಬೇಕು, ಅಲ್ವಾ? 5 ತೋಳ ಸವಾರರನ್ನು ಓರೆಯಾಗಿ, ಮೇಜಿನ ಅಂಚಿನ ಹತ್ತಿರ ನಿಲ್ಲಿಸಿ. ನೈಟ್ಸ್ ಬಂದು ಅವರ ಕಡೆ ತಿರುಗುತ್ತಾರೆ. ಕೊಚ್ಚುತ್ತಾರೆ. ಆಮೇಲೆ ನೋಡುತ್ತಿರುವ ದಿಕ್ಕಿಗೇ ನುಗ್ಗುತ್ತಾರೆ. ಆ ದಿಕ್ಕಿನಲ್ಲಿ ಗೋಡೆ ಗಡಿಯಾರ ಇರುವ ಹಾಗೆ ನೋಡಿಕೊಳ್ಳಿ.

ದಾಳಪ್ಪ

ಎಲ್ಲ ಸರಿ ಗುರು. ಆದರೆ ನನಗೊಂದು ಪ್ರಶ್ನೆ. ಭಾವ ಪಾಪ ವಾರವೆಲ್ಲ ಆಫೀಸು ಮುಗಿಸಿ ಭಾನುವಾರ ಆಡೋಕೆ ಕೂರುತ್ತಾರೆ. ನೀನು ಗೋಡೆ ಕಟ್ಟಿಕೊಂಡು, ಓರೆಯಾಗಿ ತೋಳ ನಿಲ್ಲಿಸಿ, ಅವರ ಕುದುರೆಗಳನ್ನು ಮೇಜಿನಿಂದಾಚೆ ಕಳಿಸಿದರೆ ಅವರಿಗೇನು ಖುಷಿ? ಮುಂದಿನ ವಾರ ಬರ್ತಾರಾ? ನಾನು ಹೀಗೆ ಆಡಿ ಒಬ್ಬ ಗೆಳೆಯನನ್ನೇ ಕಳೆದುಕೊಂಡಿದ್ದೀನಿ. ಅವನು ಈಗ ಶಟಲ್ ಆಡ್ತಾನೆ.

ತುಂಗೆಯ ದಡ

ಐದು ಸಲ ಇವರನ್ನು ಕೊಚ್ಚಿದಾಗ ಅವರಿಗೆ ಖುಷಿ ಇತ್ತಲ್ಲ ಮಾರಾಯರೇ. ಈಗ ಇವರ ಸರದಿ.

ಲೆಕ್ಕದಮೇಷ್ಟ್ರು

ದಾಳಪ್ಪನವರ ಮಾತಲ್ಲಿ ಹುರುಳಿದೆ. ಅದಕ್ಕೇ ಬರೀ ಗೋಡೆ ಬೇಡ. ಫೆನಾಟಿಕ್‌ಗಳನ್ನು ಬಳಸಿ, ಇಬ್ಬರಿಗೂ ನಗು ಬರುತ್ತದೆ. ಒಂದು ಫೆನಾಟಿಕ್ 25 ಪಾಯಿಂಟ್. ತಾಗಿದರೆ ಒಂದು ದಾಳದಷ್ಟು ಏಟು, ಶಕ್ತಿ 5, ಕವಚ ಚುಚ್ಚುವಂಥದ್ದು. ಭಾವನ ವಾರಿಯರ್‌ಗಳಿಗೆ 6 ಬಿದ್ದರೆ ಮಾತ್ರ ಕವಚ ಉಳಿಸುತ್ತದೆ. ಸರಾಸರಿ ಇಬ್ಬರು ಸಾಯುತ್ತಾರೆ. ನಿಮ್ಮ ಸೇನೆಯಲ್ಲಿ ಪಾಯಿಂಟಿಗೆ ತಕ್ಕ ಹಾಗೆ ಕೊಲ್ಲುವವರು ಇವರು.

ಆದರೆ ಶತ್ರು 8 ಇಂಚಿನೊಳಗೆ ಬಂದ ಕೂಡಲೇ ಹೊರಗೆ ಬರಲೇಬೇಕು. ಭಾವ ಜಾಣರಾದರೆ ಮೊದಲು ನಾಯಿ ಕಳಿಸುತ್ತಾರೆ.

ಹಸಿರುಮೂಗು

ಪ್ರತಿ ಸಲ ಅದನ್ನೇ ಮಾಡುತ್ತಾರೆ! ನನ್ನ 75 ಪಾಯಿಂಟ್ ಅವರ ಬೀದಿನಾಯಿಗಳ ಮೇಲೆ ಖರ್ಚಾಗುತ್ತದೆ.

ಟ್ರೆಂಟ್ ನದಿ ಪಕ್ಕ

ಆಗಲಿ ಬಿಡಿ. ಹೊರಗೆ ಬಂದ ಫೆನಾಟಿಕ್ ಸತ್ತುಹೋಗಲ್ಲ, ಜೋಡಿ ಸಂಖ್ಯೆ ಬೀಳುವ ತನಕ ಮಧ್ಯದಲ್ಲಿ ಬುಗುರಿ ಥರ ಸುತ್ತುತ್ತಿರುತ್ತಾನೆ. ಅವನಿರುವ ಜಾಗದ ಮೂಲಕ ಹೋಗಲು ಯಾರಿಗೆ ಮನಸ್ಸು ಬರುತ್ತೆ? ನಿಮ್ಮ ಕೆಲಸ ಹೊತ್ತು ಕಳೆಯುವುದು ತಾನೆ? ಎರಡನೇ ಗುಂಪಿನ ಮೂವರನ್ನು ಮಾತ್ರ ನಾಯಿಗೆ ಕೊಡಬೇಡಿ. ಸ್ಪಿಯರ್ ಚುಕ್ಕದಿಂದ ಮೊದಲು ನಾಯಿಗಳನ್ನೇ ಹೊಡೆಯಿರಿ. ಲಾರ್ಡ್‌ಗೆ ಗುರಿ ಇಡುವ ಆಸೆ ಬಿಡಿ.

ಹಸಿರುಮೂಗು

ಪಟ್ಟಿ ಬದಲಾಯಿಸಿದೆ. ಶಾಮನ್ ಔಟ್, ಬಾವುಟದವನು ಇನ್. ಭಾನುವಾರ ಆಟ. ಬಂದು ಹೇಳುತ್ತೇನೆ.

ಅರ್ಧಬಣ್ಣ

ಫ್ಯಾನ್ ಆಫ್ ಮಾಡೋದು ಮರೀಬೇಡಿ.

ಹಸಿರುಮೂಗು

ಆಟ ಮುಗಿಯಿತು. ಮೂರೂವರೆ ಗಂಟೆ. ಅಕ್ಕ ಎರಡು ಸಲ ಕಾಫಿ ಕೊಟ್ಟಳು, ಎರಡೂ ಸಲ ಮೇಜಿನ ಮೇಲೆ ನನ್ನ ಸೇನೆ ಇತ್ತು.

ಗಾಬ್ಲಿನ್‌ಗಳು 5 ಅಗಲ, 10 ಸಾಲು. ಮೇಜಿನ ಮೇಲೆ ರೈಲು ಬೋಗಿ ನಿಲ್ಲಿಸಿದ ಹಾಗೆ. ಭಾವ ನೋಡಿ ‘ಏನೋ ಇದು, ರೇಷನ್ ಅಂಗಡಿ ಕ್ಯೂನಾ?’ ಅಂದರು. ವಾರ್‌ಬಾಸ್ ಬಲಗಡೆ ಬೋಗಿಯಲ್ಲಿ, ಬಾವುಟದವನೂ ಅಲ್ಲೇ. ಎಡಗಡೆಯವರು 12 ಇಂಚಿನೊಳಗೆ. ಟೇಪ್ ಹಿಡಿದು ಎರಡು ಸಲ ಅಳೆದೆ.

ಎರಡನೇ ಟರ್ನ್‌ಗೆ ನಾಯಿಗಳು ಬಂದವು. ಒಂದು ಗುಂಪನ್ನು ಚುಕ್ಕ ಹೊಡೆದು ಓಡಿಸಿತ್ತು. ಇನ್ನೊಂದು ಎಡಗಡೆ ಫೆನಾಟಿಕ್‌ಗಳನ್ನು ಹೊರಗೆಳೆದು ಸತ್ತಿತು. ಆಮೇಲೆ ಒಬ್ಬ ತಿರುಗಿ ನನ್ನ ಬೋಗಿಗೇ ನುಗ್ಗಿ ನಾಲ್ವರನ್ನು ಕೊಂದ. ಇನ್ನಿಬ್ಬರು ವಾರಿಯರ್‌ಗಳ ಒಳಗೆ ಹೋದರು, ಐದು ಜನ ಔಟ್! ಭಾವ ಮೂರನೇ ಟರ್ನ್ ಪೂರ್ತಿ ಮುಂದೆ ಬರಲೇ ಇಲ್ಲ. ‘ಈ ಬುಗುರಿ ನಿಲ್ಲಲಿ’ ಅಂತ ಕಾದರು. ಟ್ರೆಂಟ್ ಅವರು ಹೇಳಿದ್ದು ಅಕ್ಷರಶಃ ಆಯ್ತು.

ನೈಟ್ಸ್ ಕಥೆ ಕೇಳಿ. ಓರೆಯಾಗಿ ನಿಲ್ಲಬೇಕಿದ್ದ ತೋಳ ಸವಾರರಿಗೆ ಆ ಟರ್ನ್ 1 ಬಿತ್ತು. ಜಗಳ. ಅಲ್ಲಾಡಲಿಲ್ಲ. ನನ್ನ ಎದೆ ಧಸಕ್ ಅಂತು. ಎರಡನೇ ಗುಂಪನ್ನು ಮೇಜಿನ ಆಚೆ ತುದಿಯಿಂದ ಓಡಿಸಿಕೊಂಡು ಬಂದು ನಿಲ್ಲಿಸಿದೆ. ಓರೆ ಸರಿಯಾಗಿ ಬಂತೋ ಇಲ್ಲವೋ ಅಂತ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದೆ. ಭಾವ ಲೀಡರ್‌ಶಿಪ್ ಟೆಸ್ಟ್ ಎಸೆದರು, ಫೇಲ್. ನೈಟ್ಸ್ ಬಂದರು, ಐದು ಸವಾರರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದರು, ಮುಂದಕ್ಕೆ ನುಗ್ಗಿದರು. ಲಾರ್ಡ್ ಸಮೇತ ಮೇಜಿನಿಂದಾಚೆ. ಭಾವ ಅವರನ್ನು ಎತ್ತಿ ಚಟ್ನಿ ಬಟ್ಟಲ ಪಕ್ಕ ಇಟ್ಟರು. ಮುಂದಿನ ಟರ್ನ್ ವಾಪಸ್ ಬಂದರೂ ಚಾರ್ಜ್ ಮಾಡುವ ಹಾಗಿಲ್ಲ. ಎರಡು ಟರ್ನ್ ಉಳಿಯಿತು.

ಎಡಗಡೆ ವಾರಿಯರ್‌ಗಳು ಕೊನೆಗೆ ನಾಲ್ಕನೇ ಟರ್ನ್‌ಗೆ ಬಂದು ಬಿದ್ದರು. ಅವರು 13, ನಾವು 46. ಸುತ್ತಿಗೆ ಏಳು, ಎಂಟು ಸಾಯುತ್ತಿದ್ದಾರೆ. ಟೆಸ್ಟ್, ನಿಂತರು. ಟೆಸ್ಟ್, ಫೇಲ್, ಬಾವುಟ, ಮತ್ತೆ ಎಸೆದೆ, ನಿಂತರು. ಆರನೇ ಟರ್ನ್, ಭಾವನ ಕೊನೆಯ ಸುತ್ತು. ಉಳಿದಿದ್ದು 9 ಗಾಬ್ಲಿನ್. ಸಾಲು ಹೋಯ್ತು. ಜೋಡಿ ಒಂದು ಬೇಕು. ಮೊದಲ ಸಲ 7. ಬಾವುಟದ ದಯೆಯಿಂದ ಇನ್ನೊಮ್ಮೆ ಎಸೆದೆ. ಒಂದು ದಾಳ 1ಕ್ಕೆ ನಿಂತಿತು. ಇನ್ನೊಂದು ತಟ್ಟೆಗೆ ಬಡಿದು ತಿರುಗಿ ತಿರುಗಿ 4.

ಓಡಿದರು. ಆಟ ಮುಗಿದಾಗ ಓಡುತ್ತಿದ್ದರು, ಹಾಗಾಗಿ ಆ ಯೂನಿಟ್ ಪೂರ್ತಿ ಭಾವನ ಲೆಕ್ಕಕ್ಕೆ. 250 ಚಿಲ್ಲರೆ ಪಾಯಿಂಟಿಂದ ಸೋತೆ. ಆರಕ್ಕೆ ಆರು. ಆದರೆ ಬಲಗಡೆ ಬೋಗಿ ಅಷ್ಟೂ ಜನ ನಿಂತಿದ್ದಾರೆ, ವಾರ್‌ಬಾಸ್ ಜೀವಂತ, ಡೂಮ್ ಡೈವರ್ ರಥ ಒಡೆದು ಹಾಕಿತು.

ಲೆಕ್ಕದಮೇಷ್ಟ್ರು

36ರಲ್ಲಿ 1, ಎರಡು ಅವಕಾಶ. ಹದಿನೆಂಟಕ್ಕೊಂದು ಅಂದುಕೊಳ್ಳಿ. ಅಲ್ಲಿಗೆ ಬರದ ಹಾಗೆ ನೋಡಿಕೊಳ್ಳಬೇಕಿತ್ತು. ಬಲಗಡೆ 50 ಜನ ಆರು ಟರ್ನ್ ಏನು ಮಾಡುತ್ತಿದ್ದರು? ನಾಲ್ಕನೇ ಟರ್ನ್‌ನಲ್ಲೇ ಅವರನ್ನು ವಾರಿಯರ್‌ಗಳ ಪಕ್ಕೆಗೆ ತರಬಹುದಿತ್ತು. ಪಕ್ಕದ ದಾಳಿಗೆ ಒಂದು ಅಂಕ, ಚಾರ್ಜ್‌ಗೆ ಒಂದು, ಅವರ ಸಾಲಿನ ಅಂಕವೂ ಹೋಗುತ್ತಿತ್ತು.

ಹಸಿರುಮೂಗು

ಭಯ ಆಯ್ತು ಮೇಷ್ಟ್ರೇ. ಆರು ಆಟದಲ್ಲಿ ಮೊದಲ ಸಲ ಒಂದು ಯೂನಿಟ್ ಪೂರ್ತಿ ಬದುಕಿತ್ತು. ಮುಟ್ಟೋಕೆ ಮನಸ್ಸು ಬರಲಿಲ್ಲ.

ಎಂಟುಮೊನೆ

ಇಲ್ಲಿ ಬರೆಯುತ್ತಿರುವುದು ಆ ಭಾವನೇ. ಹೆಂಡತಿ ತೋರಿಸಿದಳು. ಏನಪ್ಪಾ ಹಸಿರುಮೂಗು, ನನ್ನನ್ನು ಸೋಲಿಸೋಕೆ ಲೋಕದ ಜನರನ್ನೆಲ್ಲ ಸೇರಿಸಿದ್ದೀಯಲ್ಲ?

ದಾಳಪ್ಪನವರೇ, ನಿಮ್ಮ ಕಾಳಜಿಗೆ ಥ್ಯಾಂಕ್ಸ್. ನಿಜ ಹೇಳಬೇಕಂದ್ರೆ ನಾಲ್ಕನೇ ಆಟದ ಹೊತ್ತಿಗೆ ನನಗೇ ಬೇಸರ ಬಂದಿತ್ತು. ಇವನಿಗೆ ಹೇಳಿರಲಿಲ್ಲ. ಈ ಭಾನುವಾರ ಆ 9 ಗಾಬ್ಲಿನ್‌ಗಳಿಗೆ ಜೋಡಿ ಒಂದು ಬೀಳಲಿ ಅಂತ ನಾನೂ ಒಳಗೊಳಗೇ ಅಂದುಕೊಂಡೆ.

ಆದರೆ ನೈಟ್ಸ್ ವಿಷಯದಲ್ಲಿ ಸಿಟ್ಟಿದೆ. ಮುಂದಿನ ಸಲ ಖೋರ್ನ್ ಗುರುತು ತೆಗೆಯುತ್ತೇನೆ.

ಟ್ರೆಂಟ್ ನದಿ ಪಕ್ಕ

ನೋಡಿ, ಒಂದು ಏಟು ಕಡಿಮೆ ಆಯ್ತು ಪ್ರತಿ ನೈಟ್‌ಗೆ. ಇದೂ ತೋಳ ಸವಾರರ ಲೆಕ್ಕಕ್ಕೇ ಸೇರಬೇಕು.

ತುಂಗೆಯ ದಡ

ಮುಂದಿನ ವಾರ ವಾಚ್‌ಟವರ್ ಸನ್ನಿವೇಶ ಆಡಿ ಅಂತ ನನ್ನ ಮಗ ಹೇಳುತ್ತಿದ್ದಾನೆ. ಮಧ್ಯದಲ್ಲಿ ಒಂದು ಗೋಪುರ, ಕೊನೆಗೆ ಅದರೊಳಗೆ ಯಾರಿದ್ದಾರೋ ಅವರು ಗೆದ್ದ ಹಾಗಂತೆ. ಎಷ್ಟು ಜನ ಸತ್ತರು ಅಂತ ಯಾರೂ ಎಣಿಸಲ್ಲವಂತೆ. ಗಾಬ್ಲಿನ್‌ಗೆ ಒಳ್ಳೇದು ಅಂತಾನೆ.

ಎಂಟುಮೊನೆ

ಒಪ್ಪಿದೆ. ಇನ್ನೊಂದು ಷರತ್ತು, ಈ ಸಲ ಸೇನೆ ಅದಲು ಬದಲು. ಗಾಬ್ಲಿನ್ ನನಗೆ. ಆ ರೈಲು ಬೋಗಿ ನಾನು ಓಡಿಸಿ ನೋಡಬೇಕು.

ಹಸಿರುಮೂಗು

ಭಾವ, ಆಗಲಿ. ಬರುವಾಗ ಅಂಟು ತನ್ನಿ. ಆಟ ಮುಗಿದ ಮೇಲೆ ಅಕ್ಕ ಫ್ಯಾನ್ ಹಾಕಿದಳು. ನಾಲ್ಕು ಗಾಬ್ಲಿನ್ ಇನ್ನೂ ಸೋಫಾ ಕೆಳಗಿವೆ.